ಮ್ಯಾಂಟಿಸ್ ಸಿಗಡಿಗೆ ಫ್ಲುವಾಲ್ ಇವೋ 52 ಲೀಟರ್ ಟ್ಯಾಂಕ್: ಯಾವುದಕ್ಕೆ ಸಾಕು, ಯಾವುದಕ್ಕೆ ಸಾಲದು

ಮ್ಯಾಂಟಿಸ್ ಸಿಗಡಿ ಎಂದರೆ ಸಿಗಡಿಯಂಥ ಸಮುದ್ರಜೀವಿ; ಕೆಲವು ಜಾತಿಗಳು ಮುಂಗಾಲಿನಿಂದ ಗುದ್ದಿ ಚಿಪ್ಪು ಒಡೆಯುತ್ತವೆ, ಕೆಲವು ಇರಿಯುತ್ತವೆ. ಐದಾರು ಸೆಂಟಿಮೀಟರ್ ಉದ್ದದ ಚಿಕ್ಕ ಜಾತಿಯ ಒಂದೇ ಒಂದನ್ನು ಸಾಕುವುದಾದರೆ ಫ್ಲುವಾಲ್ ಕಂಪನಿಯ ಈ ಉಪ್ಪುನೀರಿನ ಟ್ಯಾಂಕ್ ಧಾರಾಳವಾಗಿ ಕೊಳ್ಳಬಹುದು. ಬಣ್ಣಬಣ್ಣದ ನವಿಲು ಮ್ಯಾಂಟಿಸ್ ಮೇಲೆ ಮನಸ್ಸಿದ್ದರೆ ಬೇಡ. ಅದು 15 ಸೆಂಟಿಮೀಟರ್ ದಾಟಿ ಬೆಳೆಯುತ್ತದೆ, ಕನಿಷ್ಠ ನೂರು ಲೀಟರಿನ ಅಕ್ರಿಲಿಕ್ ಟ್ಯಾಂಕ್ ಬೇಡುತ್ತದೆ. ಇವೋ ಗಾಜಿನದು. 1998ರಲ್ಲಿ ಇಂಗ್ಲೆಂಡಿನಲ್ಲಿ ಟೈಸನ್ ಎಂಬ ಮ್ಯಾಂಟಿಸ್ ಟ್ಯಾಂಕಿನ ಗಾಜನ್ನೇ ಒಡೆದದ್ದು ಸುದ್ದಿಯಾಗಿತ್ತು. ಅಂಥದ್ದು ಅಪರೂಪ, ಆದರೂ ದೊಡ್ಡ ಪ್ರಾಣಿಯ ವಿಷಯದಲ್ಲಿ ಆ ಅಪಾಯ ತೆಗೆದುಕೊಳ್ಳಲು ಕಾರಣವೇ ಇಲ್ಲ.

ಈ ಅಳತೆಗೆ ಹೇಳಿಮಾಡಿಸಿದ ಜಾತಿ ನಿಯೋಗೊನೊಡ್ಯಾಕ್ಟೈಲಸ್ ವೆನ್ನೆರೆ. ಫ್ಲೋರಿಡಾ, ಮೆಕ್ಸಿಕೊ ಕೊಲ್ಲಿಯ ಕಡೆಯದು. ಲೈವ್ ರಾಕ್‌ನ (ಜೀವಿಗಳು ಅಂಟಿಕೊಂಡೇ ಇರುವ ಸಮುದ್ರದ ಕಲ್ಲಿನ) ತೂತಿನಲ್ಲಿ ಅಡಗಿ ಎಷ್ಟೋ ಮನೆಗಳಿಗೆ ಕರೆಯದೇ ಬಂದಿದೆ. ಗಟ್ಟಿ ಜೀವ, ಚುರುಕು ಕಣ್ಣು, ದಿನವಿಡೀ ಬಿಲದ ಬಾಯಲ್ಲಿ ಕೂತು ಕೋಣೆಯನ್ನೆಲ್ಲ ಗಮನಿಸುತ್ತದೆ. ಮಂಗಳೂರಿನ ಟ್ರಾಲ್ ಬಲೆಗೆ ರಾಶಿಗಟ್ಟಲೆ ಬೀಳುವ ಮ್ಯಾಂಟಿಸ್ ಬೇರೆಯೇ. ಅದು ಗುದ್ದುವುದಲ್ಲ, ಇರಿಯುವುದು. ಕೆಸರು ನೆಲದಲ್ಲಿ ಆಳಕ್ಕೆ ಬಿಲ ತೋಡುವ ಪ್ರಾಣಿ. ಇಷ್ಟು ಚಿಕ್ಕ ಟ್ಯಾಂಕಿಗೆ ಅದನ್ನು ತರುವುದು ಅದರ ಮೇಲೆ ಮಾಡುವ ಅನ್ಯಾಯ.

ಇವೋದಲ್ಲಿ ನಿಜಕ್ಕೂ ಮೆಚ್ಚಬೇಕಾದದ್ದು ಹಿಂಬದಿಯ ಫಿಲ್ಟರ್ ಕೋಣೆ. ಸ್ಪಾಂಜ್, ಕಾರ್ಬನ್, ಸೆರಾಮಿಕ್ ಉಂಡೆ, ಪಂಪ್ ಎಲ್ಲವೂ ಗೋಡೆಯ ಆಚೆ ಇರುತ್ತವೆ. ಹೀಟರ್ ಜೊತೆಗೆ ಬರುವುದಿಲ್ಲ. 50 ವ್ಯಾಟಿನದು ಕೊಂಡು ಅದನ್ನೂ ಅಲ್ಲೇ ಇಳಿಸಿ. ಗಾಜಿನ ಹೀಟರನ್ನು ಸಿಗಡಿಯ ಜೊತೆ ಮುಂದುಗಡೆ ಇಟ್ಟರೆ ಒಂದು ದಿನ ಒಡೆಯುತ್ತದೆ, ನೀರಿಗೆ ಕರೆಂಟ್ ಬರುತ್ತದೆ. ಈ ಒಂದು ಗೋಡೆಗಾಗಿಯೇ ಸಾಮಾನ್ಯ ಟ್ಯಾಂಕಿಗಿಂತ ಇದಕ್ಕೆ ಹೆಚ್ಚು ಹಣ ಕೊಡಬಹುದು. ಆದರೆ ನೀರು ಹಿಂದೆ ಹೋಗುವ ಸೀಳುಗಳನ್ನು ಮರೆಯಬೇಡಿ. ಮರಿ ನುಸುಳಿ ಪಂಪಿನ ಬಳಿ ಸೇರಿಕೊಂಡರೆ ಹಿಡಿಯುವುದು ಕಷ್ಟ. ಒಳಗಿನಿಂದ ಸಣ್ಣ ಕಣ್ಣಿನ ಪ್ಲಾಸ್ಟಿಕ್ ಜಾಲರಿ ಸಿಕ್ಕಿಸಿ, ಕಬ್ಬಿಣದ್ದು ಬೇಡ.

ಗಾಜಿಗೆ ಅಪಾಯ ಎದುರಿನಿಂದಲ್ಲ, ತಳದಿಂದ. ಸಿಗಡಿ ಬಿಲ ಅಗಲಿಸುತ್ತಾ ತಳಕ್ಕೇ ಗುದ್ದುತ್ತದೆ. ಆದ್ದರಿಂದ ಖಾಲಿ ಟ್ಯಾಂಕಿನ ತಳಕ್ಕೆ 5 ಮಿಲಿಮೀಟರ್ ಅಕ್ರಿಲಿಕ್ ಹಾಳೆ ಹಾಸಿ, ಅದರ ಮೇಲೆ ಕಲ್ಲು ಕೂರಿಸಿ, ಕೊನೆಗೆ ಐದು ಸೆಂಟಿಮೀಟರ್ ಅರಾಗೊನೈಟ್ ಮರಳು (ಸುಣ್ಣದಂಶದ ಸಮುದ್ರದ ಟ್ಯಾಂಕಿನ ಮರಳು) ಸುರಿಯಿರಿ. ಈ ಕ್ರಮ ತಪ್ಪಿಸಬೇಡಿ. ಮರಳಿನ ಮೇಲೆ ಕಲ್ಲಿಟ್ಟರೆ ಸಿಗಡಿ ಅಡಿಯನ್ನು ತೋಡುತ್ತದೆ, ಕಲ್ಲು ಅದರ ಮೇಲೇ ಕುಸಿಯುತ್ತದೆ. ಬಿಲಕ್ಕೆ ಅರ್ಧ ಇಂಚಿನ ಪಿವಿಸಿ ಪೈಪು, 15 ಸೆಂಟಿಮೀಟರಿನಷ್ಟು, ಸಾಕು. ಒಳಗೆ ತಿರುಗುವಷ್ಟು ಅಗಲವಿರಬೇಕು, ಅದಕ್ಕಿಂತ ಹೆಚ್ಚಿದ್ದರೆ ಭದ್ರವೆನಿಸದೆ ಹೊರಗೇ ಅಲೆಯುತ್ತದೆ. ಪೈಪನ್ನು ಮುಂದಿನ ಗಾಜಿಗೆ ಬಾಯಿ ಮಾಡಿ ಹೂತರೆ ನೋಡಲೂ ಚೆನ್ನ. ಬಾಗಿಲು ಮುಚ್ಚಿಕೊಳ್ಳಲು ಒಂದು ಹಿಡಿ ಹವಳದ ಚೂರು, ಕಪ್ಪೆಚಿಪ್ಪಿನ ತುಂಡು ಸುತ್ತ ಹರಡಿ.

ಕಲ್ಲು, ಮರಳು ಹೋಗಿ ಉಳಿಯುವ ನೀರು ಸುಮಾರು 42 ಲೀಟರ್. ಆರ್‌ಒ ನೀರು ಲೀಟರಿಗೆ 36ರಿಂದ 38 ಗ್ರಾಂ ಸಮುದ್ರದ ಉಪ್ಪಿನ ಮಿಶ್ರಣ ಹೀರುತ್ತದೆ. ಅಂದರೆ ಮೊದಲ ಸಲ ಒಂದೂವರೆ ಕಿಲೋ ದಾಟುತ್ತದೆ. ಅಡುಗೆಯ ಉಪ್ಪು ಆಗದು. ಉಪ್ಪಿನಂಶ ಅಳೆಯುವ ರಿಫ್ರಾಕ್ಟೋಮೀಟರಿನಲ್ಲಿ ಸಾಪೇಕ್ಷ ಸಾಂದ್ರತೆ 1.025, ಉಷ್ಣತೆ 25 ಡಿಗ್ರಿ ಆಸುಪಾಸು. ಹೊಸ ಟ್ಯಾಂಕಿನಲ್ಲಿ ಏರುವ ವಿಷಗಳಾದ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆಗೆ ಇಳಿಯುವ ತನಕ, ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ, ಪ್ರಾಣಿ ತರಬೇಡಿ. ಆಮೇಲೆ ವಾರಕ್ಕೆ ಐದು ಲೀಟರ್ ಬದಲಿಸಿದರೆ ಸ್ಕಿಮ್ಮರ್ (ನೊರೆಯಿಂದ ಕೊಳೆ ತೆಗೆಯುವ ಯಂತ್ರ) ಬೇಕಾಗುವುದಿಲ್ಲ. ಚಿಕ್ಕ ಟ್ಯಾಂಕಿನ ದೊಡ್ಡ ತೊಂದರೆ ಆವಿ. ನೀರು ಆರಿದರೂ ಉಪ್ಪು ಉಳಿಯುತ್ತದೆ, ಎರಡೇ ದಿನದಲ್ಲಿ ಅಂಕಿ ಏರುತ್ತದೆ. ಗಾಜಿನ ಮೇಲೆ ಗೆರೆ ಗುರುತು ಮಾಡಿ, ಕಡಿಮೆಯಾದಷ್ಟನ್ನು ಪ್ರತಿದಿನ ಸಿಹಿನೀರಿನಿಂದ, ಉಪ್ಪು ಬೆರೆಸದೆ, ತುಂಬಿ. ಮೀನಿನ ಔಷಧಿಯಲ್ಲಿ ತಾಮ್ರವಿದ್ದರೆ ಈ ನೀರಿಗೆ ಒಂದು ತೊಟ್ಟೂ ಬೀಳಬಾರದು, ಸಿಗಡಿ ಸಾಯುತ್ತದೆ.

ಮುಚ್ಚಳದ ಎಲ್‌ಇಡಿ ಹವಳಕ್ಕೆ ಹೊಂದುವ ಹೊಳಪಿನದು. ಸಿಗಡಿಗೆ ಇಷ್ಟು ಬೇಡ, ದಿನಕ್ಕೆ ಆರೇಳು ಗಂಟೆ ಹಚ್ಚಿದರೆ ಸಾಕು.

ಊಟ ವಾರಕ್ಕೆ ಎರಡು ಮೂರು ಸಲ, ಬಟಾಣಿ ಕಾಳಿನಷ್ಟು ಸಿಗಡಿ ಅಥವಾ ಮರುವಾಯಿಯ ಮಾಂಸ. ಆಗಾಗ ಚಿಪ್ಪಿನ ಸಮೇತ ಸಣ್ಣ ಶಂಖದ ಹುಳ. ಒಡೆಯಲು ಏನಾದರೂ ಸಿಗಲೇಬೇಕು, ಅದು ಈ ಪ್ರಾಣಿಯ ಸ್ವಭಾವ. ಮುಚ್ಚಳದ ಕಿಂಡಿಯಿಂದ 25 ಸೆಂಟಿಮೀಟರಿನ ಪ್ಲಾಸ್ಟಿಕ್ ಚಿಮಟದಲ್ಲಿ ಕೊಡಿ, ಕೈ ಇಳಿಸಬೇಡಿ. ಮೀನು, ಏಡಿಗಳನ್ನು ಜೊತೆಗೆ ಬಿಟ್ಟರೆ ಅವೂ ಊಟವೇ.

ಒಂದು ದಿನ ಪೈಪಿನ ಬಾಯಿಗೆ ಚೂರು ಜೋಡಿಸಿ ಮುಚ್ಚಿಕೊಂಡು ಊಟ ಬಿಟ್ಟರೆ ಗಾಬರಿಯಾಗಿ ಅಗೆಯಬೇಡಿ. ಪೊರೆ ಕಳಚುತ್ತಿದೆ. ಹೊಸ ಮೈ ಗಟ್ಟಿಯಾಗಲು ದಿನಗಟ್ಟಲೆ ಬೇಕು; ಅಷ್ಟರಲ್ಲಿ ಬಿಲ ಕೆಡವಿದರೆ ಮೆತ್ತಗಿನ ಮೈಗೆ ಗಾಯವಾಗುತ್ತದೆ. ನೀರು ಬದಲಿಸುವುದನ್ನೂ ಕೆಲವು ದಿನ ಮುಂದೂಡಿ, ಆವಿಯಾದ ನೀರನ್ನು ಮಾತ್ರ ತುಂಬುತ್ತಿರಿ. ಬಾಗಿಲನ್ನು ಅದೇ ತೆರೆಯುತ್ತದೆ.