ಗುಬ್ಬಿ ಬಳಿಯ ಪರ್ಮಾಕಲ್ಚರ್ ಶಿಬಿರ: ಸಂಘ ನಡೆಸುವವರಿಗೆ ದುಡ್ಡಿಗೆ ತಕ್ಕ ಮಾಲೇ?

ಗುಬ್ಬಿ ತಾಲ್ಲೂಕಿನ ತೆಂಗು-ಅಡಿಕೆ ತೋಟವೊಂದರಲ್ಲಿ ನಡೆಯುವ ಈ ಎರಡು ದಿನದ ಶಿಬಿರದಲ್ಲಿ ಬೇಸಾಯ ಕಲಿಸುವುದಿಲ್ಲ. ರೈತರೇ ಷೇರುದಾರರಾಗಿರುವ ಉತ್ಪಾದಕ ಕಂಪನಿ, ಹಾಲಿನ ಸಂಘ, ಸ್ವಸಹಾಯ ಒಕ್ಕೂಟ ನಡೆಸುವವರು ಪರ್ಮಾಕಲ್ಚರ್ (ಪ್ರಕೃತಿಯ ರೀತಿ ನೋಡಿಕೊಂಡು ತೋಟ ರೂಪಿಸುವ ಪದ್ಧತಿ) ಸೂತ್ರಗಳನ್ನು ಆಡಳಿತಕ್ಕೆ ಹೇಗೆ ತರಬಹುದು ಅನ್ನುವುದಷ್ಟೇ ವಿಷಯ. ಶುಲ್ಕ ತಲೆಗೆ 2,400 ರೂಪಾಯಿ, ಊಟ ಸೇರಿ. ಮೊದಲ ದಿನದ ಬೆಳಗ್ಗೆ ಸಪ್ಪೆ, ಮಧ್ಯಾಹ್ನದಿಂದ ಸರಕು ಸಿಗುತ್ತದೆ, ಎರಡನೇ ದಿನ ಸಂಜೆ ಎಲ್ಲಕ್ಕಿಂತ ಕಷ್ಟದ ಪ್ರಶ್ನೆಯನ್ನು ಜಾರಿಸಿಬಿಡುತ್ತಾರೆ.

ಬೆಳಗಿನ ಅವಧಿಯೆಲ್ಲ ಇತಿಹಾಸ. ಆಸ್ಟ್ರೇಲಿಯಾದ ಬಿಲ್ ಮಾಲಿಸನ್ ಮತ್ತು ಡೇವಿಡ್ ಹೋಮ್‌ಗ್ರೆನ್ 1978ರಲ್ಲಿ ಈ ಚಿಂತನೆಯನ್ನು ಮುಂದಿಟ್ಟದ್ದು, ಹೋಮ್‌ಗ್ರೆನ್ 2002ರಲ್ಲಿ ಅದನ್ನು 12 ಸೂತ್ರಗಳಾಗಿ ಕಟ್ಟಿಕೊಟ್ಟದ್ದು, ಹೀಗೆ. ಒಂದು ಹಾಳೆಯಲ್ಲಿ ಅಚ್ಚು ಹಾಕಿ ಮೊದಲೇ ಕಳಿಸಿದ್ದರೆ ಮೂರು ಗಂಟೆ ಉಳಿಯುತ್ತಿತ್ತು.

ಊಟವಾದ ಮೇಲೆ ವಲಯಗಳ ನಕ್ಷೆ. ತೋಟದಲ್ಲಿ ದಿನಕ್ಕೆ ನಾಲ್ಕು ಸಲ ಕೈಹಾಕುವ ಕರಿಬೇವು ಮನೆ ಬಾಗಿಲಲ್ಲಿರಬೇಕು, ವರ್ಷಕ್ಕೊಮ್ಮೆ ಕಡಿಯುವ ಮರ ದೂರದಲ್ಲಿರಬೇಕು. ಇದೇ ಲೆಕ್ಕವನ್ನು ಕಚೇರಿ ಕೆಲಸಕ್ಕೆ ಹಚ್ಚುತ್ತಾರೆ. ದೊಡ್ಡ ಹಾಳೆಯ ಮೇಲೆ ಐದು ಸುತ್ತು, ಒಂದೊಂದು ಕೆಲಸಕ್ಕೆ ಒಂದೊಂದು ಚೀಟಿ. ಚೀಟಿಯ ಮೇಲೆ ಆ ಕೆಲಸ ತಿಂಗಳಿಗೆ ಎಷ್ಟು ಸಲ ಬರುತ್ತದೆ, ಅದಕ್ಕೆ ಒಪ್ಪಿಗೆ ಕೊಡುವವರು ಎಷ್ಟು ದಿನಕ್ಕೊಮ್ಮೆ ಸಿಗುತ್ತಾರೆ ಎಂದು ಬರೆಯಬೇಕು. ನೆನಪಿನಿಂದಲ್ಲ, ಹಿಂದಿನ ಮೂರು ತಿಂಗಳ ನಡಾವಳಿ, ದಾಸ್ತಾನು, ನಗದು ಪುಸ್ತಕ ನೋಡಿಕೊಂಡು.

ತಪ್ಪುವುದು ಇಲ್ಲೇ. ಬಹುತೇಕರು ಚೀಟಿಯನ್ನು ಎಷ್ಟು ಸಲ ಅನ್ನುವುದರ ಬದಲು ಎಷ್ಟು ದೊಡ್ಡದು ಅನ್ನುವುದರ ಮೇಲೆ ಅಂಟಿಸುತ್ತಾರೆ; ಅಧ್ಯಕ್ಷರ ಹೆಸರು ತಾನಾಗಿ ನಡುಮಧ್ಯೆ ಬಂದು ಕೂರುತ್ತದೆ. ತರಬೇತುದಾರರು ಪುಸ್ತಕ ತೆಗೆಸಿ ತೋರಿಸಿದಾಗ ಬಣ್ಣ ಬಯಲಾಗುತ್ತದೆ: ವಾರವಾರವೂ ಬೇಕಾಗುವ ಗೋಣಿಚೀಲದ ಖರೀದಿಗೆ ಮಂಡಳಿ ಸಭೆಯ ಒಪ್ಪಿಗೆ ಬೇಕು, ಮಂಡಳಿ ಸೇರುವುದು ಮೂರು ತಿಂಗಳಿಗೊಮ್ಮೆ. ಉತ್ಪಾದಕ ಕಂಪನಿಗೆ ಮೂರು ತಿಂಗಳಿಗೊಂದು ಸಭೆ ಅನ್ನುವುದು ಕಾನೂನಿನ ಕನಿಷ್ಠ. ಅದನ್ನೇ ಗರಿಷ್ಠ ಮಾಡಿಕೊಂಡವರಿಗೆ ಈ ಒಂದು ನಕ್ಷೆಯಿಂದಲೇ ಶುಲ್ಕ ವಸೂಲಿ.

ನೆಲದ ಮಟ್ಟ ನೋಡುವ ಎ-ಫ್ರೇಮ್ ಅನ್ನುವ ಸಾಧನದ ಸಂಜೆಯ ಪಾಠವೂ ಚೆನ್ನ. ಏಳಡಿಯ ಎರಡು ಗಳ, ನಡುವೆ ಒಂದು ಅಡ್ಡಪಟ್ಟಿ, ತುದಿಯಿಂದ ಕಲ್ಲು ಕಟ್ಟಿ ಇಳಿಬಿಟ್ಟ ದಾರ. ದಾರ ಅಡ್ಡಪಟ್ಟಿಯನ್ನು ಮುಟ್ಟಿದಲ್ಲಿ ಗುರುತು ಹಾಕಿ, ಕಾಲುಗಳನ್ನು ಅದಲು ಬದಲು ಮಾಡಿ ಅದೇ ಜಾಗದಲ್ಲಿ ಇಟ್ಟು ಮತ್ತೆ ಗುರುತು ಹಾಕಬೇಕು. ಎರಡರ ನಟ್ಟನಡುವೆ ಇರುವುದೇ ನಿಜವಾದ ಮಟ್ಟ. ಸದಸ್ಯರ ಅಭಿಪ್ರಾಯ ಕೇಳುವುದಕ್ಕೂ ಇದೇ ಕ್ರಮ: ಗೊಬ್ಬರ ಮಾರುವ ಸಿಬ್ಬಂದಿ ಒಮ್ಮೆ ಕೇಳಲಿ, ಮಾರಾಟಕ್ಕೆ ಸಂಬಂಧವೇ ಇಲ್ಲದವರು ಅದೇ ಪ್ರಶ್ನೆಯನ್ನು ಇನ್ನೊಮ್ಮೆ ಕೇಳಲಿ. ಎರಡು ಉತ್ತರಗಳ ನಡುವಿನ ಅಂತರದಲ್ಲಿ ಕೇಳುವವರ ವಾಲು ಎಷ್ಟು ಅಂತ ಗೊತ್ತಾಗುತ್ತದೆ.

ಶಿಬಿರದ ಜೀವ ಇರುವುದು ಎರಡನೇ ದಿನ ಬೆಳಗ್ಗೆ, ಕೆರೆ ಏರಿಯ ಮೇಲೆ. ಗದ್ದೆಗೆ ನೀರು ಬಿಡುವ ತೂಬನ್ನು ಎಷ್ಟು ಎತ್ತಬೇಕು ಅನ್ನುವುದು ನೀರು ಹಂಚುವ ನೀರುಗಂಟಿಯ ತೀರ್ಮಾನ. ಕೆರೆ ತುಂಬಿದ ಮೇಲೆ ಹೆಚ್ಚಿನ ನೀರು ಹರಿದುಹೋಗುವ ಕೋಡಿಯ ಎತ್ತರ ಮಾತ್ರ ಕಲ್ಲಲ್ಲಿ ಕಟ್ಟಿಟ್ಟದ್ದು. ಮಳೆ ಹೊಯ್ಯುವಾಗ ಅದನ್ನು ಯಾರೂ ಚರ್ಚಿಸುವುದಿಲ್ಲ. ತನ್ನನ್ನು ತಾನೇ ಹತೋಟಿಯಲ್ಲಿಟ್ಟುಕೊಂಡು ಹಿಮ್ಮಾಹಿತಿಯನ್ನು ಒಪ್ಪಿಕೊಳ್ಳಬೇಕು ಅನ್ನುವ ಸೂತ್ರವನ್ನು ಇದಕ್ಕಿಂತ ಚೆನ್ನಾಗಿ ತೋರಿಸುವುದು ಕಷ್ಟ. ನಂತರ ಪ್ರತಿ ಸಂಘವೂ ತನ್ನ ಕೋಡಿ ಯಾವುದೆಂದು ಬರೆಯಬೇಕು: ಮಿತಿ ಎಷ್ಟು, ಅದನ್ನು ಯಾರು ನೋಡುತ್ತಾರೆ, ಎಷ್ಟು ದಿನಕ್ಕೊಮ್ಮೆ, ದಾಟಿದರೆ ತಾನಾಗಿ ಏನಾಗುತ್ತದೆ.

ತಿಪಟೂರು ಕಡೆಯವರಿಗೆ ಇದು ತಕ್ಷಣ ಹಿಡಿಸುತ್ತದೆ. ಉಂಡೆ ಕೊಬ್ಬರಿಗೆ ಕಾಯಿ 8ರಿಂದ 12 ತಿಂಗಳು ಅಟ್ಟದಲ್ಲಿರಬೇಕು. ಕಂಪನಿ ಕಾಯಿ ಕೊಂಡಿತೆಂದರೆ ಅಷ್ಟು ದಿನ ದುಡ್ಡೂ ಅಟ್ಟದಲ್ಲೇ. ದುಡಿಯುವ ಬಂಡವಾಳದ ಮೂರನೇ ಒಂದು ಭಾಗ ಅಟ್ಟ ಹತ್ತಿದ ದಿನ ಖರೀದಿ ನಿಲ್ಲಬೇಕು ಅನ್ನುವುದು ಅಲ್ಲಿ ಕೊಡುವ ಮಾದರಿ ಕೋಡಿ. ಅದರ ಕೆಳಗೆ 'ಅಧ್ಯಕ್ಷರ ವಿವೇಚನೆಗೆ ಒಳಪಟ್ಟು' ಅಂತ ಒಂದು ಸಾಲು ಸೇರಿಸಿದರೆ ಅದು ಕೋಡಿಯಲ್ಲ, ಮತ್ತೊಂದು ತೂಬು. ಹಾಗೆ ಸೇರಿಸುವವರೇ ಜಾಸ್ತಿ. ಹಾಲಿನ ಸಂಘದವರಿಗೆ ಇಲ್ಲಿ ಹೊಸದೇನಿಲ್ಲ; ಫ್ಯಾಟ್ (ಕೊಬ್ಬು), ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಉಳಿದ ಘನಾಂಶ) ಬರೆದ ಚೀಟಿ ಹಾಲು ಹಾಕಿದವರ ಕೈಗೆ ಅಲ್ಲೇ ಬರುವಾಗ ವರ್ಷದ ಕೊನೆಯ ಲೆಕ್ಕಪತ್ರಕ್ಕಾಗಿ ಯಾರು ಕಾಯುತ್ತಾರೆ?

ಚಿಕ್ಕದಾಗಿ, ನಿಧಾನವಾಗಿ ಶುರುಮಾಡಿ ಅನ್ನುವ ಸೂತ್ರದ ಪಾಠ ಅರೆಬೆಂದಿದೆ. ಶಿಬಿರದ ಕೈಪಿಡಿ ಎಲ್ಲ ಪ್ರಯೋಗಕ್ಕೂ 90 ದಿನ ಅನ್ನುತ್ತದೆ. ತರಕಾರಿಗೆ ಸಾಕು. ಕೊಬ್ಬರಿಯಲ್ಲಿ 90 ದಿನಕ್ಕೆ ಕಾಯಿಯೊಳಗಿನ ನೀರೂ ಇಂಗಿರುವುದಿಲ್ಲ. ಇನ್ನು ಪ್ರಯೋಗಕ್ಕೆ ಯಾವ ಊರು ಅನ್ನುವ ಪ್ರಶ್ನೆ. ಎಲ್ಲರೂ ಚುರುಕಾದ ಊರನ್ನೇ ಆರಿಸಿ, ಅಲ್ಲಿ ಗೆದ್ದು, ಉಳಿದ ಊರುಗಳಲ್ಲಿ ಮುಗ್ಗರಿಸುತ್ತಾರೆ. ಬೇಕಾದದ್ದು ಒಂದು ಸಾಧಾರಣ ಊರು, ಒಂದು ತಕರಾರಿನ ಊರು, ತಲಾ 25 ಸದಸ್ಯರು, ಒಂದು ಪೂರ್ತಿ ಹಂಗಾಮು. ಏನಾದರೆ ಕೈಬಿಡುತ್ತೇವೆ ಎಂಬುದು ಮೊದಲೇ ನಡಾವಳಿಯಲ್ಲಿ ದಾಖಲಾಗಿರಬೇಕು. ಕೈಪಿಡಿಯಲ್ಲಿ ಇದಿಲ್ಲ.

ಏನನ್ನೂ ವ್ಯರ್ಥ ಮಾಡಬೇಡಿ ಅನ್ನುವ ಸೂತ್ರಕ್ಕೆ ನಾರು, ನಾರಿನ ಪುಡಿ, ಚಿಪ್ಪಿನ ಇದ್ದಿಲಿನ ಉದಾಹರಣೆ ಸರಿ. ಅದನ್ನೇ ಸಿಬ್ಬಂದಿಗೆ ಹಚ್ಚಬಾರದು. ಬೇಸಿಗೆಯಲ್ಲಿ ಎರಡು ಗಂಟೆ ಸುಮ್ಮನೆ ಕೂರುವ ಗುಮಾಸ್ತನೇ ಸುಗ್ಗಿಯಲ್ಲಿ ರಾತ್ರಿ ಒಂಬತ್ತರವರೆಗೆ ತೂಕ ಬರೆಯುವವನು.

ದೊಡ್ಡ ಕೊರತೆ ಅಧಿಕಾರದ ವಿಚಾರದಲ್ಲಿ. ತೋಟದಲ್ಲಿ ಚುನಾವಣೆ ಇಲ್ಲ, ಸಂಘದಲ್ಲಿ ಇದೆ. ಉತ್ಪಾದಕ ಕಂಪನಿಯಲ್ಲಿ ರೈತ ಸದಸ್ಯರಿಗೆ ಷೇರು ಎಷ್ಟೇ ಇರಲಿ ತಲೆಗೊಂದೇ ಮತ. ನಿರ್ದೇಶಕರು 5ರಿಂದ 15. ಜಾತಿ, ಪಕ್ಷ, ನೆಂಟಸ್ತಿಕೆ ಎಲ್ಲ ಆ ಮತದ ಹಿಂದೆಯೇ ಬರುತ್ತವೆ. ಬದಲಾವಣೆಗೆ ಅಧ್ಯಕ್ಷರೇ ಅಡ್ಡ ನಿಂತರೆ ಏನು ಮಾಡಬೇಕು ಅಂದರೆ ಸಿಗುವ ಉತ್ತರ: ಇನ್ನಷ್ಟು ಗಮನಿಸಿ. ಗಮನಿಸುವುದು ಮೊದಲ ಸೂತ್ರ ನಿಜ, ಆದರೆ ಮಂಡಳಿಗಳಿಗೆ ಅದು ಮುಂದೂಡುವುದಕ್ಕೆ ಸಿಕ್ಕ ಮರ್ಯಾದಸ್ಥ ನೆಪವೂ ಹೌದು. ಗಮನಿಸುವ ಅವಧಿ ಯಾವ ತಾರೀಖಿಗೆ ಮುಗಿಯುತ್ತದೆ, ಅದಾದ ಮೇಲೆ ತೀರ್ಮಾನ ಯಾರದು, ಆಕ್ಷೇಪವನ್ನು ಹೇಗೆ ದಾಖಲಿಸಬೇಕು ಅನ್ನುವುದಕ್ಕೆ ಶಿಬಿರದಲ್ಲಿ ಒಂದು ಪಾಠ ಬೇಕೇ ಬೇಕು. ಬೆಳಗಿನ ಇತಿಹಾಸ ಬಿಟ್ಟರೆ ಅದಕ್ಕೆ ಜಾಗವೂ ಇದೆ.

ಮುದ್ದೆ, ಸೊಪ್ಪಿನ ಸಾರು ಭೇಷ್. ಶೆಡ್ಡಿನ ಬೆಳಕಿನಲ್ಲಿ ಸ್ಲೈಡ್ ಕಾಣುವುದಿಲ್ಲ. ಒಬ್ಬರೇ ಹೋಗಬೇಡಿ, ಒಬ್ಬ ನಿರ್ದೇಶಕರು, ಸಿಇಒ, ಒಬ್ಬ ಕ್ಷೇತ್ರ ಸಿಬ್ಬಂದಿ ಒಟ್ಟಿಗೆ ಹೋದರೆ ಮಾತ್ರ ನಕ್ಷೆ ಊರಿಗೆ ಬಂದ ಮೇಲೂ ಬದುಕುತ್ತದೆ. ಮೂರು ತಿಂಗಳ ಪುಸ್ತಕಗಳನ್ನು ಮರೆಯದೆ ಒಯ್ಯಿರಿ. ಮಂಡಳಿ ಚುನಾವಣೆ ಹತ್ತಿರವಿದ್ದರೆ ಮುಗಿಯುವ ತನಕ ಕಾಯಿರಿ. ದುಡ್ಡು ಕಟ್ಟುವ ಮುಂಚೆ ಕೆರೆ ಏರಿಗೆ ಕರೆದೊಯ್ಯುತ್ತೀರಾ ಎಂದು ಕೇಳಿಕೊಳ್ಳಿ: ಮಳೆ ಬಂದರೆ ಅದನ್ನು ಕೈಬಿಟ್ಟು ಶೆಡ್ಡಿನಲ್ಲೇ ಫೋಟೊ ತೋರಿಸುತ್ತಾರೆ, ಅಂಥ ಬ್ಯಾಚಿಗೆ 2,400 ಜಾಸ್ತಿಯಾಯಿತು.