ಮಸಾಲೆ ಪೊಟ್ಟಣಕ್ಕೆ ಯಾವ ಸಂಕೇತ: ನಾಲ್ಕು ಬಗೆಗಳನ್ನು ಮುದ್ರಿಸಿ ನೋಡಿದ ಹೋಲಿಕೆ

ಸಾರಿನ ಪುಡಿ, ಚಟ್ನಿಪುಡಿ ಮತ್ತು ಬ್ಯಾಡಗಿ ಮೆಣಸಿನಕಾಯಿಯ ಖಾರದ ಪುಡಿಯನ್ನು ಸಣ್ಣ ಪ್ರಮಾಣದಲ್ಲಿ ತಯಾರಿಸುವ ನಮ್ಮ ಘಟಕದಲ್ಲಿ, ಪೊಟ್ಟಣದ ಮೇಲೆ ಯಾವ ಸಂಕೇತ ಇರಬೇಕು ಎಂಬುದು ಬಹಳ ಕಾಲ ಚರ್ಚೆಯಲ್ಲೇ ಇತ್ತು. ಕೊನೆಗೆ ಗೆರೆಗಳ ಬಾರ್‌ಕೋಡ್, ಜಾಲತಾಣಕ್ಕೆ ಕರೆದೊಯ್ಯುವ ಸಾಮಾನ್ಯ ಕ್ಯೂಆರ್, ಸರಕುಗಳ ಸಂಕೇತ ಸಂಖ್ಯೆಗಳನ್ನು ನೋಡಿಕೊಳ್ಳುವ ಅಂತರರಾಷ್ಟ್ರೀಯ ಸಂಸ್ಥೆಯಾದ ಜಿಎಸ್1ರ ಮಾನದಂಡದ ಕ್ಯೂಆರ್ ಮತ್ತು ಕ್ಯೂಆರ್‌ನಂಥದೇ ಇನ್ನೊಂದು ಚೌಕವಾದ ಡೇಟಾಮ್ಯಾಟ್ರಿಕ್ಸ್ ಎಂಬ ನಾಲ್ಕನ್ನೂ ಮುದ್ರಿಸಿ, ಊರಿನ ಕಿರಾಣಿ ಅಂಗಡಿಯಲ್ಲಿ, ಜಿಲ್ಲಾ ಕೇಂದ್ರದ ಸೂಪರ್ ಮಾರ್ಕೆಟ್ಟಿನಲ್ಲಿ ಮತ್ತು ಪರಿಚಯದವರ ಮೊಬೈಲುಗಳಲ್ಲಿ ಓದಿಸಿ ನೋಡಿದೆವು. ಬಿಲ್ಲಿಂಗ್ ಕೌಂಟರಿನಲ್ಲಿ ಸಂಕೇತ ತಡವಿಲ್ಲದೆ ಓದಿಸಿಕೊಳ್ಳುತ್ತದೆಯೇ, ಕೊಳ್ಳುವವರಿಗೆ ಉಪಯೋಗದ ವಿಷಯವನ್ನು ತಿಳಿಸುತ್ತದೆಯೇ, ಒಂದು ಬ್ಯಾಚು ಕೆಟ್ಟರೆ ಆ ಬ್ಯಾಚನ್ನಷ್ಟೇ ಅಂಗಡಿಗಳಿಂದ ಹಿಂದಕ್ಕೆ ತರಿಸಲು ನೆರವಾಗುತ್ತದೆಯೇ ಎಂಬ ಮೂರನ್ನು ಗಮನಿಸಿದೆವು. ನನ್ನ ದೃಷ್ಟಿಯಲ್ಲಿ ಮೂರನೆಯದೇ ಮುಖ್ಯ. ಆದರೆ ಮೊದಲನೆಯದರಲ್ಲಿ ಸೋತ ಪೊಟ್ಟಣವನ್ನು ಅಂಗಡಿಯವರು ಎರಡನೆಯ ಸಲ ತರಿಸಿಕೊಳ್ಳುವುದಿಲ್ಲ.

ಕೌಂಟರಿನ ಮಟ್ಟಿಗೆ ಗೆರೆಗಳ ಬಾರ್‌ಕೋಡಿಗೆ ಸಾಟಿಯಿಲ್ಲ. 1974ರ ಜೂನ್ 26ರಂದು ಅಮೆರಿಕದ ಒಹಾಯೊ ರಾಜ್ಯದ ಟ್ರಾಯ್ ಎಂಬ ಊರಿನ ಸೂಪರ್ ಮಾರ್ಕೆಟ್ಟಿನಲ್ಲಿ ಚ್ಯೂಯಿಂಗ್ ಗಮ್ ಪೊಟ್ಟಣವೊಂದನ್ನು ಓದಿಸಿದ್ದರಿಂದ ಮೊದಲಾದ ಈ ಪದ್ಧತಿ ಈಗ ಎಷ್ಟು ಹರಡಿದೆಯೆಂದರೆ, ನಾವು ಹೋದ ಅಂಗಡಿಗಳ ಪೈಕಿ ಸ್ಕ್ಯಾನರ್ ಇದ್ದ ಕಡೆಯಲ್ಲೆಲ್ಲ ಅದು ತಕರಾರಿಲ್ಲದೆ ಕೆಲಸ ಮಾಡಿತು. ನಮ್ಮಲ್ಲಿ ಬಳಕೆಯಲ್ಲಿರುವುದು 13 ಅಂಕಿಗಳ ಇಎಎನ್ ಬಗೆ. ಕೊನೆಯ ಅಂಕಿ ಹಿಂದಿನ ಹನ್ನೆರಡು ಅಂಕಿಗಳ ಲೆಕ್ಕದಿಂದ ಬರುವ ಪರಿಶೀಲನಾ ಅಂಕಿಯಾದ್ದರಿಂದ, ಕೈಯಲ್ಲಿ ಟೈಪ್ ಮಾಡುವಾಗ ಒಂದು ಅಂಕಿ ತಪ್ಪಿದರೂ ಯಂತ್ರ ಅದನ್ನು ಒಪ್ಪುವುದಿಲ್ಲ. ಮೊದಲ ಮೂರು ಅಂಕಿಗಳು 890 ಆಗಿದ್ದರೆ ಸರಕು ಭಾರತದಲ್ಲೇ ತಯಾರಾಯಿತೆಂದು ಹಲವರು ನಂಬಿದ್ದಾರೆ. ಆ ಸಂಖ್ಯೆಯನ್ನು ನೀಡಿದ್ದು ಜಿಎಸ್1 ಇಂಡಿಯಾ ಎಂಬುದಷ್ಟೇ ಅದರಿಂದ ತಿಳಿಯುತ್ತದೆ. ಒಳಗಿನ ಸರಕು ಯಾವ ದೇಶದ್ದೂ ಆಗಿರಬಹುದು. ಈ ಸಂಖ್ಯೆ ಪಡೆಯಲು ನೋಂದಣಿ ಶುಲ್ಕವೂ ನವೀಕರಣದ ಶುಲ್ಕವೂ ಉಂಟು. ಕಡಿಮೆ ಬೆಲೆಗೆ ಬಿಡಿ ಸಂಖ್ಯೆಗಳನ್ನು ಮಾರುವವರು ಅಂತರ್ಜಾಲದಲ್ಲಿ ಸಿಗುತ್ತಾರಾದರೂ, ಅಂಥ ಸಂಖ್ಯೆ ಬೇರೊಬ್ಬರ ಹೆಸರಿನಲ್ಲಿ ನೋಂದಣಿಯಾಗಿರುವ ಸಾಧ್ಯತೆ ಇರುವುದರಿಂದ ನಾವು ಆ ದಾರಿ ಹಿಡಿಯಲಿಲ್ಲ.

ಮುದ್ರಣದ ಬಗ್ಗೆ, ಖಾರದ ಪುಡಿ ಮಾರುವವರೆಲ್ಲ ತಿಳಿದಿರಬೇಕಾದ ಒಂದು ಮಾತುಂಟು. ಅಂಗಡಿಯ ಲೇಸರ್ ಸ್ಕ್ಯಾನರಿನ ಬೆಳಕು ಕೆಂಪಾದ್ದರಿಂದ ಕೆಂಪು ಅಥವಾ ಕಿತ್ತಳೆ ಬಣ್ಣದ ಗೆರೆಗಳು ಅದಕ್ಕೆ ಬಿಳಿಯ ಹಾಗೆಯೇ ಕಾಣುತ್ತವೆ. ಪೊಟ್ಟಣದ ಅಂದಕ್ಕೆ ಹೊಂದಲೆಂದು ವಿನ್ಯಾಸಕಾರರು ಕೆಂಪು ಗೆರೆಗಳನ್ನು ಸೂಚಿಸಿದ್ದರು. ಮಾದರಿಯ ಹಾಳೆಯನ್ನು ಓದಿಸಿದಾಗ ಸ್ಕ್ಯಾನರ್ ಸದ್ದೇ ಮಾಡಲಿಲ್ಲ. ಬಿಳಿಯ ಪಟ್ಟಿಯ ಮೇಲೆ ಕಪ್ಪು ಗೆರೆಗಳು, ಎರಡೂ ಬದಿಯಲ್ಲಿ ಖಾಲಿ ಜಾಗ, ಇಷ್ಟಿದ್ದರೆ ಸಾಕು. ಖಾಲಿ ಜಾಗವೂ ಸೇರಿ ಮೂಲ ಅಳತೆ 37.29 ಮಿ.ಮೀ. ಅಗಲ, 25.93 ಮಿ.ಮೀ. ಎತ್ತರ, ಅದನ್ನು ಶೇ. 80ರವರೆಗೆ ಕಿರಿದು ಮಾಡಬಹುದು.

ಇಷ್ಟೆಲ್ಲ ಅನುಕೂಲವಿದ್ದರೂ ಮೂರನೆಯ ಪರೀಕ್ಷೆಯಲ್ಲಿ ಬಾರ್‌ಕೋಡ್ ಪೂರ್ತಿಯಾಗಿ ಸೋಲುತ್ತದೆ. 100 ಗ್ರಾಂ ಖಾರದ ಪುಡಿಗೆ ಒಂದು ಸಂಖ್ಯೆ, 250 ಗ್ರಾಂ ಪೊಟ್ಟಣಕ್ಕೆ ಇನ್ನೊಂದು. ಆದರೆ ಜನವರಿಯಲ್ಲಿ ಕುಟ್ಟಿದ 100 ಗ್ರಾಂ ಪೊಟ್ಟಣಕ್ಕೂ ಜೂನಿನಲ್ಲಿ ಕುಟ್ಟಿದ 100 ಗ್ರಾಂ ಪೊಟ್ಟಣಕ್ಕೂ ಒಂದೇ ಸಂಖ್ಯೆ. ಬ್ಯಾಚ್ ನಂಬರ್ ಲೇಬಲ್ಲಿನ ಮೇಲೆ ಅಕ್ಷರಗಳಲ್ಲಿ ಇರಲೇಬೇಕು, ಇರುತ್ತದೆ ಕೂಡ. ಅಂಗಡಿಯ ಕಂಪ್ಯೂಟರಿಗೆ ಮಾತ್ರ ಅದು ತಲುಪುವುದೇ ಇಲ್ಲ. ತೇವ ಹೆಚ್ಚಿದ್ದ ಮೆಣಸಿನಕಾಯಿಯ ಒಂದು ಲಾಟಿನಿಂದ ತಯಾರಾದ ಪುಡಿಗೆ ಬೂಷ್ಟು ಹಿಡಿಯಿತು ಎಂದಿಟ್ಟುಕೊಳ್ಳಿ. ಕೆಟ್ಟ ಆಹಾರವನ್ನು ಮಾರುಕಟ್ಟೆಯಿಂದ ಹಿಂದಕ್ಕೆ ಪಡೆಯುವ ವಿಧಾನವನ್ನು ಆಹಾರ ಸುರಕ್ಷತೆ ಮತ್ತು ಮಾನದಂಡಗಳ ಪ್ರಾಧಿಕಾರದ 2017ರ ನಿಯಮಾವಳಿ ಹೇಳುತ್ತದೆ. ಆದರೆ ಆ ಬ್ಯಾಚಿನ ಪೊಟ್ಟಣಗಳು ಯಾವ ಅಂಗಡಿಯಲ್ಲಿ ಎಷ್ಟು ಉಳಿದಿವೆ ಎಂಬುದನ್ನು ಕಪಾಟಿನ ಮುಂದೆ ನಿಂತು ಒಂದೊಂದೇ ಪೊಟ್ಟಣವನ್ನು ತಿರುಗಿಸಿ ಓದಿಯೇ ತಿಳಿಯಬೇಕು. ಅಷ್ಟು ವ್ಯವಧಾನವಿಲ್ಲದ ಅಂಗಡಿಯವರು ಒಳ್ಳೆಯದನ್ನೂ ಸೇರಿಸಿ ಎಲ್ಲವನ್ನೂ ವಾಪಸು ಕಳುಹಿಸುತ್ತಾರೆ.

ಸಾಮಾನ್ಯ ಕ್ಯೂಆರ್ ನೋಡಲು ಆಕರ್ಷಕ, ತಯಾರಿಸಲು ಖರ್ಚಿಲ್ಲ. ಜಪಾನಿನ ಡೆನ್ಸೊ ವೇವ್ ಸಂಸ್ಥೆಯಲ್ಲಿ 1994ರಲ್ಲಿ ವಾಹನದ ಬಿಡಿಭಾಗಗಳ ಲೆಕ್ಕಕ್ಕಾಗಿ ಹುಟ್ಟಿದ ಈ ಚೌಕ ನಮ್ಮ ಜನರಿಗೆ ಪರಿಚಯವಾದದ್ದು ಹಣ ಪಾವತಿಯ ಮೂಲಕವಾದ್ದರಿಂದ, ನಾವು ಪೊಟ್ಟಣ ಕೊಟ್ಟವರಲ್ಲಿ ಹಲವರು ಮೊದಲು ತೆರೆದದ್ದು ಪಾವತಿಯ ಆ್ಯಪನ್ನೇ. ಅದು ಈ ಕೋಡ್ ಸರಿಯಿಲ್ಲವೆಂದಾಗ ಪೊಟ್ಟಣವನ್ನೇ ಅನುಮಾನದಿಂದ ನೋಡಿದರು. ‘ಮೊಬೈಲಿನ ಕ್ಯಾಮೆರಾದಿಂದ ಓದಿಸಿ’ ಎಂಬ ಸಾಲನ್ನು ಚೌಕದ ಕೆಳಗೆ ಸೇರಿಸಿದ ಮೇಲೆ ಈ ಗೊಂದಲ ಬಹುಮಟ್ಟಿಗೆ ನಿಂತಿತು. ಇದಕ್ಕಿಂತ ದೊಡ್ಡ ತೊಂದರೆ ಕಿರುಕೊಂಡಿಯದು, ಅಂದರೆ ಪೂರ್ತಿ ಜಾಲವಿಳಾಸದ ಬದಲಿಗೆ ಬಳಸುವ ಚಿಕ್ಕ ಕೊಂಡಿಯದು. ಉಚಿತವಾಗಿ ಕ್ಯೂಆರ್ ಮಾಡಿಕೊಡುವ ಜಾಲತಾಣವೊಂದು ನಮ್ಮ ವಿಳಾಸದ ಬದಲು ತನ್ನದೇ ಕಿರುಕೊಂಡಿಯನ್ನು ಚೌಕದೊಳಗೆ ಇಟ್ಟಿತ್ತು; ಉಚಿತ ಅವಧಿ ಮುಗಿದ ಬಳಿಕ, ಆಗಲೇ ಅಂಗಡಿ ಸೇರಿದ್ದ ಪೊಟ್ಟಣಗಳೆಲ್ಲ ಹಣ ಕಟ್ಟಿರೆಂದು ಕೇಳುವ ಪುಟವನ್ನು ತೋರಿಸತೊಡಗಿದವು. ನೆಟ್‌ವರ್ಕ್ ಇಲ್ಲದ ಕಡೆ ಅಂಥ ಕಿರುಕೊಂಡಿಯಲ್ಲಿ ಕಾಣುವುದು ಅರ್ಥವಿಲ್ಲದ ಕೆಲವು ಅಕ್ಷರಗಳು ಮಾತ್ರ. ಬಿಲ್ಲಿಂಗ್ ಯಂತ್ರಕ್ಕಂತೂ ಇದರಿಂದ ಯಾವ ಪ್ರಯೋಜನವೂ ಇಲ್ಲ.

ಮೇಲ್ನೋಟಕ್ಕೆ ಇದಕ್ಕೂ ಜಿಎಸ್1 ಡಿಜಿಟಲ್ ಲಿಂಕ್ ಇರುವ ಕ್ಯೂಆರ್‌ಗೂ ವ್ಯತ್ಯಾಸ ಕಾಣುವುದಿಲ್ಲ. ವ್ಯತ್ಯಾಸವಿರುವುದು ಚೌಕದೊಳಗಿನ ವಿಳಾಸದ ರಚನೆಯಲ್ಲಿ. ನಮ್ಮ ಸ್ವಂತ ಜಾಲವಿಳಾಸದ ಮುಂದೆ 01 ಎಂದು ಬರೆದು ಬಾರ್‌ಕೋಡಿನ ಸಂಖ್ಯೆಯನ್ನೇ ಆರಂಭಕ್ಕೊಂದು ಸೊನ್ನೆ ಸೇರಿಸಿ 14 ಅಂಕಿಯಾಗಿ ಇಡಬೇಕು. ಅನಂತರ 10 ಎಂಬುದರ ಮುಂದೆ ಬ್ಯಾಚ್ ನಂಬರ್, 17 ಎಂಬುದರ ಮುಂದೆ ವರ್ಷ, ತಿಂಗಳು, ದಿನದ ಕ್ರಮದಲ್ಲಿ ಬಳಕೆಯ ಕೊನೆಯ ದಿನಾಂಕ. ಮೊಬೈಲು ಇದನ್ನು ಮಾಮೂಲಿ ಕೊಂಡಿಯೆಂದು ತಿಳಿದು ಪುಟ ತೆರೆಯುತ್ತದೆ. ಈ ರಚನೆಯನ್ನು ಬಲ್ಲ ಬಿಲ್ಲಿಂಗ್ ತಂತ್ರಾಂಶವು ಅದೇ ಚೌಕದಿಂದ ಸರಕು, ಬ್ಯಾಚು, ದಿನಾಂಕ ಮೂರನ್ನೂ ಬೇರ್ಪಡಿಸಿಕೊಂಡು, ಅವಧಿ ಮೀರಿದ ಪೊಟ್ಟಣವನ್ನು ಕೌಂಟರಿನಲ್ಲೇ ತಡೆಯಬಲ್ಲದು. ನೆಟ್‌ವರ್ಕ್ ಇಲ್ಲದಿದ್ದರೂ ವಿಳಾಸವನ್ನು ಓದಿದರೆ ಬ್ಯಾಚ್ ನಂಬರ್ ಕಣ್ಣಿಗೆ ಬೀಳುತ್ತದೆ. ನಾನು ಇದರ ಕಡೆ ವಾಲಿದ್ದು ಮುಖ್ಯವಾಗಿ ಈ ಗುಣಕ್ಕಾಗಿ.

ಆದರೆ ಇವೆಲ್ಲವೂ ಇಂದು ನಮ್ಮ ಅಂಗಡಿಗಳಲ್ಲಿ ನಡೆಯುತ್ತವೆ ಎಂದರೆ ಸುಳ್ಳಾಗುತ್ತದೆ. ಲೇಸರ್ ಸ್ಕ್ಯಾನರ್ ಗೆರೆಗಳನ್ನು ಮಾತ್ರ ಓದುತ್ತದೆ, ಚೌಕಕ್ಕೆ ಕ್ಯಾಮೆರಾ ಇರುವ ಸ್ಕ್ಯಾನರ್ ಬೇಕು. ಊರಿನ ಕಿರಾಣಿ ಅಂಗಡಿಯಲ್ಲಿ ಚೌಕವೊಂದನ್ನೇ ಮುದ್ರಿಸಿದ್ದ ಪೊಟ್ಟಣಕ್ಕೆ ಹೆಸರು ಟೈಪ್ ಮಾಡಿ ಬಿಲ್ ಹಾಕಬೇಕಾಯಿತು. ಸೂಪರ್ ಮಾರ್ಕೆಟ್ಟಿನ ಸ್ಕ್ಯಾನರ್ ಚೌಕವನ್ನು ಓದಿದರೂ ತಂತ್ರಾಂಶವು ಇಡೀ ಜಾಲವಿಳಾಸವನ್ನೇ ಸರಕಿನ ಸಂಖ್ಯೆಯೆಂದು ಭಾವಿಸಿ ‘ಸರಕು ಸಿಗಲಿಲ್ಲ’ ಎಂದಿತು. 2027ರ ಕೊನೆಯ ಹೊತ್ತಿಗೆ ಜಗತ್ತಿನ ಚಿಲ್ಲರೆ ಅಂಗಡಿಗಳ ಕೌಂಟರುಗಳು ಗೆರೆಗಳ ಜೊತೆಗೆ ಚೌಕಗಳನ್ನೂ ಓದುವಂತಾಗಬೇಕೆಂಬ ಗುರಿಯನ್ನು ಜಿಎಸ್1 ಇಟ್ಟುಕೊಂಡಿದೆ. ದೊಡ್ಡ ಮಳಿಗೆಗಳು ಆ ಹೊತ್ತಿಗೆ ಸಿದ್ಧವಾಗಬಹುದು. ಸಂತೆಬೀದಿಯ ಅಂಗಡಿಗಳ ಬಗ್ಗೆ ನನಗೆ ಅಷ್ಟು ಭರವಸೆಯಿಲ್ಲ.

ಖರ್ಚಿನ ಲೆಕ್ಕವೂ ಬೇರೆ. ಬಾರ್‌ಕೋಡನ್ನು ಪೌಚಿನ ವಿನ್ಯಾಸದಲ್ಲೇ ಸೇರಿಸಿ ಒಮ್ಮೆಗೇ ಸಾವಿರಾರು ಪೌಚು ಮುದ್ರಿಸಿಟ್ಟುಕೊಳ್ಳಬಹುದು. ಬ್ಯಾಚು ಇರುವ ಚೌಕವನ್ನು ಪ್ರತಿ ಬ್ಯಾಚಿಗೂ ಹೊಸದಾಗಿ ಮುದ್ರಿಸಬೇಕು. ಅದಕ್ಕಾಗಿ ಥರ್ಮಲ್ ಪ್ರಿಂಟರ್ ಕೊಂಡೆವು. ರಿಬ್ಬನ್ ಇಲ್ಲದ, ಬರಿಯ ಶಾಖದಿಂದ ಅಚ್ಚಾಗುವ ಅಗ್ಗದ ಲೇಬಲ್ ಬಿಸಿಲಿಗೂ ಎಣ್ಣೆಗೂ ತಾಳುವುದಿಲ್ಲ. ಎಣ್ಣೆ ಬೆರೆತ ಚಟ್ನಿಪುಡಿಗಂತೂ ಅದು ತಕ್ಕದ್ದಲ್ಲ. ರಿಬ್ಬನ್ ಬಳಸಿದ ಅಚ್ಚು ನಿಂತಿತು. ಕ್ಯೂಆರ್‌ನಲ್ಲಿ ಶೇ. 7, 15, 25, 30 ಎಂಬ ನಾಲ್ಕು ಹಂತಗಳ ದೋಷ ಸರಿಪಡಿಕೆ ಇದೆ, ಅಂದರೆ ಸುಮಾರು ಅಷ್ಟು ಭಾಗ ಹಾಳಾದರೂ ಚೌಕವನ್ನು ಓದಿಸಬಹುದು. ಹಂತ ಏರಿದಷ್ಟೂ ಚೌಕದೊಳಗಿನ ಕಪ್ಪು-ಬಿಳಿ ಮನೆಗಳು ಸಣ್ಣವಾಗಿ ಅಚ್ಚು ಕೂಡಿಕೊಳ್ಳುವುದರಿಂದ ನಾವು ಶೇ. 15ರಲ್ಲೇ ನಿಂತಿದ್ದೇವೆ.

ಡೇಟಾಮ್ಯಾಟ್ರಿಕ್ಸ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅಷ್ಟೇ ವಿಷಯವನ್ನು ಕ್ಯೂಆರ್‌ಗಿಂತ ಕಡಿಮೆ ಜಾಗದಲ್ಲಿ ಹಿಡಿಸುತ್ತದೆ, ಔಷಧಿಯ ಪೆಟ್ಟಿಗೆಗಳಿಗೆ ಒಪ್ಪುತ್ತದೆ. ಆದರೆ ನನ್ನ ಮೊಬೈಲಿನ ಕ್ಯಾಮೆರಾ ಅದನ್ನು ಸಂಕೇತವೆಂದೇ ಗುರುತಿಸಲಿಲ್ಲ, ಬೇರೆ ಆ್ಯಪ್ ಬೇಕಾಯಿತು. ಭಾರತದಲ್ಲಿ 2023ರ ಆಗಸ್ಟ್ 1ರಿಂದ 300 ಔಷಧಿ ಬ್ರ್ಯಾಂಡುಗಳ ಮೇಲೆ ಬಾರ್‌ಕೋಡ್ ಅಥವಾ ಕ್ಯೂಆರ್ ಕಡ್ಡಾಯವಾಗಿದ್ದು, ಔಷಧಿಯ ಹೆಸರು, ತಯಾರಕರ ವಿಳಾಸ, ಬ್ಯಾಚು, ದಿನಾಂಕ, ಪರವಾನಗಿ ಸಂಖ್ಯೆ ಅದರಲ್ಲಿರಬೇಕು. ಮನೆಯಲ್ಲಿದ್ದ ಒಂದು ಮಾತ್ರೆಯ ಪಟ್ಟಿಯನ್ನು ಓದಿಸಿ, ಅದರ ಮೇಲೆ ಅಚ್ಚಾಗಿದ್ದ ಬ್ಯಾಚಿನೊಂದಿಗೆ ತಾಳೆ ನೋಡಿದೆ, ಸರಿಹೊಂದಿತು. ತಾಳೆಯಾದ ಮಾತ್ರಕ್ಕೆ ಸರಕು ಅಸಲಿಯೆಂದು ತೀರ್ಮಾನಿಸುವಂತಿಲ್ಲ, ಏಕೆಂದರೆ ಸಂಕೇತವನ್ನು ಯಾರು ಬೇಕಾದರೂ ನಕಲು ಮಾಡಬಹುದು. ಪ್ರತಿ ಪೊಟ್ಟಣಕ್ಕೂ ಬೇರೆ ಕ್ರಮಸಂಖ್ಯೆಯಿದ್ದು, ಒಂದೇ ಸಂಖ್ಯೆ ಎರಡು ಕಡೆ ಓದಿಸಿಕೊಂಡಾಗ ಎಚ್ಚರಿಸುವ ವ್ಯವಸ್ಥೆ ಇದ್ದರೆ ನಕಲು ಸಿಕ್ಕಿಬೀಳುತ್ತದೆ. ಮಸಾಲೆಗೆ ಅಷ್ಟು ದೂರ ಹೋಗುವ ಅಗತ್ಯ ನನಗೆ ಕಾಣಲಿಲ್ಲ.

ಈಗ ನಮ್ಮ 100 ಗ್ರಾಂ ಮತ್ತು 250 ಗ್ರಾಂ ಪೊಟ್ಟಣಗಳ ಮೇಲೆ ಗೆರೆಗಳ ಬಾರ್‌ಕೋಡೂ ಜಿಎಸ್1 ಕ್ಯೂಆರೂ ಅಕ್ಕಪಕ್ಕದಲ್ಲಿವೆ. ಬ್ಯಾಚ್ ನಂಬರನ್ನು ಅಕ್ಷರಗಳಲ್ಲೂ ಉಳಿಸಿಕೊಂಡಿದ್ದೇವೆ. ಆ ನಂಬರಿನ ಎದುರು ಯಾವ ದಿನ ಬ್ಯಾಡಗಿ ಮಾರುಕಟ್ಟೆಯಿಂದ ಬಂದ ಯಾವ ಚೀಲಗಳನ್ನು ಕುಟ್ಟಲಾಯಿತು, ಯಾವ ಅಂಗಡಿಗೆ ಎಷ್ಟು ಪೊಟ್ಟಣ ಹೋಯಿತು ಎಂಬುದನ್ನು ರಿಜಿಸ್ಟರಿನಲ್ಲಿ ಬರೆಯುತ್ತೇವೆ, ಏಕೆಂದರೆ ಆ ಎರಡು ಕಲಂ ಖಾಲಿಯಿದ್ದರೆ ಚೌಕದಲ್ಲಿ ಬ್ಯಾಚು ಇದ್ದೂ ಉಪಯೋಗವಿಲ್ಲ. 50 ಗ್ರಾಂ ಪೊಟ್ಟಣದ ಬೆನ್ನಿನಲ್ಲಿ ಎರಡಕ್ಕೂ ಜಾಗ ಸಾಲದ್ದರಿಂದ ಅಲ್ಲಿ ಬಾರ್‌ಕೋಡ್ ಮಾತ್ರ ಇದೆ, ಮತ್ತು ಆ ಪೊಟ್ಟಣಗಳನ್ನು ತುಂಬಿ ಕಳುಹಿಸುವ ರಟ್ಟಿನ ಪೆಟ್ಟಿಗೆಯ ಮೇಲೆ ಕ್ಯೂಆರ್ ಅಂಟಿಸುತ್ತೇವೆ.