ಕೆಗ್‌ನಿಂದ ಬಾಟಲಿಗೆ ಮುರುಗಲು ಸೋಡಾ: ಐದು ರೀತಿ ತುಂಬಿ ನೋಡಿದೆ

ಹೋದ ವರ್ಷ ಮೇ ತಿಂಗಳಲ್ಲಿ ಸಾಗರದಿಂದ ಶಿವಮೊಗ್ಗಕ್ಕೆ ಹನ್ನೆರಡು ಬಾಟಲಿ ಮುರುಗಲು (ಪುನರ್ಪುಳಿ) ಸೋಡಾ ತೆಗೆದುಕೊಂಡು ಹೋಗಿದ್ದೆ. ದೊಡ್ಡಮ್ಮನಿಗೆ. ಮಂಡಿನೋವು ಶುರುವಾದ ಮೇಲೆ ಅವರು ಊರಿಗೆ ಬರುವುದು ನಿಂತಿದೆ. ಆದರೆ ಮುರುಗಲು ಹಣ್ಣಿನ ಕಾಲ ಬಂತೆಂದರೆ ಫೋನಿನಲ್ಲಿ ಮೊದಲು ಅದನ್ನೇ ಕೇಳುತ್ತಾರೆ. ಬಾಟಲಿ ತೆರೆದು ಲೋಟಕ್ಕೆ ಬಗ್ಗಿಸಿದೆ. ಒಂದು ಗುಟುಕು ಕುಡಿದು ಹೇಳಿದರು: "ರುಚಿ ಚೆನ್ನಾಗಿದೆ. ಆದ್ರೆ ಗ್ಯಾಸೇ ಇಲ್ವಲ್ಲೋ ಮಾರಾಯ. ಇದು ಶರಬತ್ತೇ ಅಲ್ವಾ?"

ಮನೆಯಲ್ಲಿ ಕೆಗ್‌ನ (ಒತ್ತಡದಲ್ಲಿ ಪಾನೀಯ ತುಂಬಿಡುವ ಸ್ಟೀಲ್ ಡ್ರಮ್ಮಿನ) ನಲ್ಲಿಯಿಂದ ನೇರ ಲೋಟಕ್ಕೆ ಬಿಟ್ಟಾಗ ಮೂಗಿಗೆ ಚುರ್ ಎನ್ನುವ ಸೋಡಾ ಅದು. ಗ್ಯಾಸು ಹೋಗಿದ್ದು ದಾರಿಯಲ್ಲಿ ಅಲ್ಲ, ಬಾಟಲಿಗೆ ತುಂಬುವಾಗಲೇ. ಈ ವರ್ಷ ಹಣ್ಣು ಬಿಡುವ ಹೊತ್ತಿಗೆ ಇದನ್ನು ಸರಿಮಾಡಲೇಬೇಕು ಎಂದುಕೊಂಡೆ. ಒಂದೇ ಕೆಗ್, ಒಂದೇ ದಿನ, ಐದು ರೀತಿ ತುಂಬಿ ನೋಡಿದೆ.

ಕೆಗ್ ನನ್ನದಾಗಿದ್ದು ಒಬ್ಬ ಸ್ನೇಹಿತನಿಂದ. ಅವನು ಅಮೆರಿಕದಲ್ಲಿದ್ದಾಗ ಮನೆಯಲ್ಲೇ ಬಿಯರ್ ಮಾಡುತ್ತಿದ್ದ. ಅಲ್ಲಿ ಅದಕ್ಕೆ 1978ರ ಕಾನೂನಿನಲ್ಲೇ ಅವಕಾಶ ಕೊಟ್ಟಿದ್ದಾರೆ. ನಮ್ಮಲ್ಲಿ ಲೈಸೆನ್ಸ್ ಇಲ್ಲದೆ ಮಾಡುವಂತಿಲ್ಲ. ಹಾಗಾಗಿ ವಾಪಸ್ ಬಂದ ಮೇಲೆ 19 ಲೀಟರ್‌ನ ಸ್ಟೀಲ್ ಕೆಗ್, ರೆಗ್ಯುಲೇಟರ್, ತುಂಬುವ ಸಾಮಾನು ಎಲ್ಲ ನನಗೆ ಕೊಟ್ಟ. ಈ ನಮೂನೆಯ ಕೆಗ್‌ಗಳು ಹುಟ್ಟಿದ್ದು ತಂಪು ಪಾನೀಯದ ಕಂಪನಿಗಳಿಗಾಗಿ. ಬಿಯರ್ ಮಾಡುವವರ ಕೈಗೆ ಅವು ಬಂದಿದ್ದು ಆಮೇಲೆ. ಮುರುಗಲು ಸೋಡಾ ಹಾಕಿದಾಗ ಅದು ತನ್ನ ಹಳೇ ಕೆಲಸಕ್ಕೇ ಮರಳಿತು ಎಂದು ನನಗೆ ಖುಷಿ.

ಹಣ್ಣಿನ ಸಿಪ್ಪೆಯ ರಸಕ್ಕೆ ಕುದಿಸಿ ಆರಿಸಿದ ಸಕ್ಕರೆ ಪಾಕ, ನೀರು. ಇಷ್ಟೇ. ತೆಳು ಬಟ್ಟೆಯಲ್ಲಿ ಎರಡು ಸಲ ಸೋಸಬೇಕು. ಒಂದು ಚೂರು ತಿರುಳು ಉಳಿದರೂ ಅದರ ಸುತ್ತ ಗುಳ್ಳೆ ಹುಟ್ಟಿ ನೊರೆ ಏಳುತ್ತದೆ. ಜೀರಿಗೆ ಪುಡಿ, ಉಪ್ಪು ಕೆಗ್‌ಗೆ ಹಾಕಲೇಬೇಡಿ. ಅವು ಲೋಟಕ್ಕೆ, ಕುಡಿಯುವಾಗ. ಸೋಡಾಕ್ಕೆ ಉಪ್ಪು ಬಿದ್ದರೆ ಹೇಗೆ ಉಕ್ಕುತ್ತದೆ ಎಂದು ಎಲ್ಲರೂ ನೋಡಿದ್ದೇವಲ್ಲ.

ಕೆಗ್ ಇಟ್ಟಿರುವುದು ತಟ್ಟೆಗಳನ್ನೆಲ್ಲ ತೆಗೆದ ಹಳೇ ಫ್ರಿಜ್‌ನಲ್ಲಿ. 4 ಡಿಗ್ರಿ ತಂಪು, ಇಂಗಾಲದ ಡೈಆಕ್ಸೈಡ್ ಗ್ಯಾಸಿನ ಒತ್ತಡ ಗೇಜ್‌ನಲ್ಲಿ 25 ಪಿಎಸ್‌ಐ (ಒತ್ತಡದ ಅಳತೆ), ಒಂದು ವಾರ. ಅಷ್ಟರಲ್ಲಿ ಒಂದು ಲೀಟರ್ ಸೋಡಾದಲ್ಲಿ ಸುಮಾರು ಮೂರೂವರೆ ಲೀಟರ್ ಗ್ಯಾಸು ಕರಗಿರುತ್ತದೆ. ಬಿಯರ್‌ನಲ್ಲಿ ಇದು ಎರಡೂವರೆ ಲೀಟರ್‌ನಷ್ಟು. ಈ ವ್ಯತ್ಯಾಸ ನೆನಪಿಟ್ಟುಕೊಳ್ಳಿ. ಬಿಯರ್‌ಗೆಂದು ಮಾಡಿದ ಸಾಮಾನು ಸೋಡಾದ ಮುಂದೆ ಸೋಲುವುದು ಇಲ್ಲೇ.

ಒತ್ತಡ ಇದ್ದಷ್ಟು ಹೊತ್ತು ಗ್ಯಾಸು ದ್ರವದಲ್ಲಿ ಕರಗಿರುತ್ತದೆ. ಒತ್ತಡ ಬಿಟ್ಟರೆ ಹೊರಗೆ ಬರುತ್ತದೆ. ಬಿಸಿಯಾದರೂ ಹಾಗೇ. 0 ಡಿಗ್ರಿ ನೀರಿನಲ್ಲಿ ನಿಲ್ಲುವ ಗ್ಯಾಸಿನ ಅರ್ಧದಷ್ಟೇ 20 ಡಿಗ್ರಿ ನೀರಿನಲ್ಲಿ ನಿಲ್ಲುತ್ತದೆ. ಹೋದ ವರ್ಷ ನಾನು ಮಾಡಿದ ತಪ್ಪು ಇದು: ಮೇ ತಿಂಗಳ ಮಧ್ಯಾಹ್ನ, ಜಗಲಿಯಲ್ಲಿ ಒಣಗಿಸಿಟ್ಟ ಬೆಚ್ಚಗಿನ ಬಾಟಲಿಗೆ ತುಂಬಿದ್ದೆ.

ಈ ಸಲ ಎಲ್ಲ ಬಾಟಲಿಯನ್ನೂ ಹಿಂದಿನ ರಾತ್ರಿಯೇ ಫ್ರಿಜ್‌ಗೆ ಹಾಕಿದೆ. ತುಂಬುವ ಮುಂಚೆ ಒಳಗೆ ಆರಿದ ಕುದಿನೀರು ಕುಲುಕಿ ಚೆಲ್ಲಿದೆ. ಒದ್ದೆ ಗಾಜಿನ ಮೇಲೆ ನೊರೆ ಕಡಿಮೆ.

ಅಳೆಯಲು ಒಂದು ಉಪಾಯ ಮಾಡಿಕೊಂಡೆ. ಮೂರು ದಿನ ಬಿಟ್ಟು ಬಾಟಲಿ ತೆರೆದ ತಕ್ಷಣ ಬಾಯಿಗೆ ಬಲೂನು ಸಿಕ್ಕಿಸುವುದು. ಗುಳ್ಳೆ ಏಳುವುದು ನಿಲ್ಲುವವರೆಗೆ ಕುಲುಕುವುದು. ಆಮೇಲೆ ಬಲೂನಿನ ಸುತ್ತಳತೆಯನ್ನು ದಾರದಲ್ಲಿ ಅಳೆಯುವುದು. ತಮ್ಮನ ಮಗಳು ದಾರ ಹಿಡಿದಳು, ನಾನು ಬರೆದುಕೊಂಡೆ.

ಮೊದಲು ಬರೀ ಪೈಪು. ಕೆಗ್‌ನ ಪ್ಲಾಸ್ಟಿಕ್ ನಲ್ಲಿಗೆ ಬಾಟಲಿಯ ತಳ ಮುಟ್ಟುವಷ್ಟು ಉದ್ದದ ಪೈಪು ಸಿಕ್ಕಿಸಿ ಬಿಡುವುದು. ಹೋದ ವರ್ಷ ಮಾಡಿದ್ದೂ ಇದನ್ನೇ. ಪ್ರೆಶರ್ 4 ಪಿಎಸ್‌ಐಗೆ ಇಳಿಸಿ, ತಣ್ಣಗಿನ ಬಾಟಲಿಗೆ ನಿಧಾನ ಬಿಟ್ಟರೂ ಅರ್ಧ ಬಾಟಲಿ ನೊರೆ. ನೊರೆ ಇಳಿಯುವವರೆಗೆ ಕಾಯಬೇಕು, ಮತ್ತೆ ಬಿಡಬೇಕು. ಕಾಯುವಾಗ ಹೋಗುವುದೂ ಗ್ಯಾಸೇ. ಬಲೂನು 26 ಸೆಂಟಿಮೀಟರ್. ಇದನ್ನು ಬಿಟ್ಟುಬಿಡಿ.

ಎರಡನೆಯದು ಅದೇ ಪೈಪಿಗೆ ಒಂದು ರಬ್ಬರ್ ಬಿರಡೆ. ಮೆತ್ತನೆ ಪೈಪಿನ ಬದಲು ಗಟ್ಟಿ ಕೊಳವೆ ಹಾಕಿ, ಅದು ನಡುವೆ ಬಿಗಿಯಾಗಿ ತೂರುವ ಹಾಗೆ ಬಿರಡೆಗೆ ತೂತು ಕೊರೆದೆ. ಬಿರಡೆ ಬಾಟಲಿಯ ಬಾಯಿಗೆ ಒತ್ತಿ ಕೂರುತ್ತದೆ. ನಲ್ಲಿ ತೆರೆದರೆ ಮೊದಲು ಒಂದಿಷ್ಟು ನೊರೆ ಏಳುತ್ತದೆ. ಅಷ್ಟರಲ್ಲಿ ಒಳಗಿನ ಗಾಳಿಗೆ ಹೋಗಲು ದಾರಿ ಇಲ್ಲದೆ ಬಾಟಲಿಯಲ್ಲೂ ಒತ್ತಡ ಏರುತ್ತದೆ. ಕೆಗ್‌ನ ಒತ್ತಡಕ್ಕೆ ಸಮ ಆಯಿತೋ, ಹರಿವು ನಿಲ್ಲುತ್ತದೆ. ಆಗ ಬೆರಳಿನಿಂದ ಬಿರಡೆಯ ಅಂಚನ್ನು ಕೂದಲೆಳೆಯಷ್ಟು ಓರೆ ಮಾಡಬೇಕು. ಸಣ್ಣಗೆ ಸುಸ್ ಎಂದು ಗಾಳಿ ಹೊರಗೆ ಹೋದಷ್ಟು ಸೋಡಾ ಒಳಗೆ ಬರುತ್ತದೆ. ನೊರೆ ಇಲ್ಲ! ಗುಳ್ಳೆ ಏಳದೆ, ಬಾವಿಯಿಂದ ಆಗಷ್ಟೇ ಸೇದಿದ ನೀರಿನ ಹಾಗೆ ಬಾಟಲಿಯಲ್ಲಿ ಮಟ್ಟ ಏರುವುದನ್ನು ನೋಡುವುದೇ ಚಂದ.

ಬೆರಳಿಗೆ ಹದ ಸಿಗಲು ನನಗೆ ಆರು ಬಾಟಲಿ ಬೇಕಾಯಿತು. ಕೊನೆಯಲ್ಲಿ ನಲ್ಲಿ ಮುಚ್ಚಿ, ಅವಸರ ಮಾಡದೆ ಒತ್ತಡ ಬಿಟ್ಟು, ಕೊಳವೆ ತೆಗೆಯಬೇಕು. ತೆಗೆಯುವಾಗ ಏಳುವ ನೊರೆ ಕುತ್ತಿಗೆಯವರೆಗೆ ಬರಲಿ. ಆ ನೊರೆಯ ಮೇಲೆಯೇ ಬಿಲ್ಲೆ (ತಗಡಿನ ಮುಚ್ಚಳ) ಇಟ್ಟು ಒತ್ತಿದರೆ ಒಳಗೆ ಗಾಳಿ ಉಳಿಯುವುದಿಲ್ಲ. ಬಲೂನು 32. ಖರ್ಚು ಎಂದರೆ ಒಂದು ಬಿರಡೆ, ಒಂದು ಕೊಳವೆ.

ಮೂರನೆಯದು ಬಿಯರ್ ಗನ್. ಉದ್ದ ಸ್ಟೀಲ್ ಕೊಳವೆ, ಹಿಡಿಯಲ್ಲಿ ಎರಡು ಗುಂಡಿ. ಒಂದು ಒತ್ತಿದರೆ ಬಾಟಲಿಗೆ ಗ್ಯಾಸು ಹೋಗಿ ಗಾಳಿಯನ್ನು ಹೊರದೂಡುತ್ತದೆ, ಇನ್ನೊಂದು ಒತ್ತಿದರೆ ತಳದಿಂದ ತುಂಬುತ್ತದೆ. ನೋಡಲು ಎಷ್ಟು ಅಚ್ಚುಕಟ್ಟು! ಬಿಯರ್‌ಗೆ ಗಾಳಿ ತಾಗಿದರೆ ರುಚಿ ಕೆಡುತ್ತದೆ, ಅದಕ್ಕೇ ಈ ಏರ್ಪಾಡು. ನಾವು ಹತ್ತು ದಿನದೊಳಗೆ ಕುಡಿದು ಮುಗಿಸುವ ಸೋಡಾಕ್ಕೆ ಅದರಿಂದ ಅಂಥ ಲಾಭ ಇಲ್ಲ. ಬಾಟಲಿಯೊಳಗೆ ಒತ್ತಡ ಇಲ್ಲದಿರುವುದರಿಂದ ಮೂರೂವರೆ ಪಟ್ಟು ಗ್ಯಾಸು ಅದರ ಕೈಲಿ ನಿಲ್ಲಲಿಲ್ಲ. ಬಲೂನು 29. ಸ್ನೇಹಿತ ಇದನ್ನೇ ಬಹಳ ಹೊಗಳಿದ್ದ. ಬಿಯರ್‌ನ ಮಟ್ಟಿಗೆ ಅವನ ಮಾತು ನಿಜವೇ ಇರಬೇಕು.

ನಾಲ್ಕನೆಯದು ಕೌಂಟರ್ ಪ್ರೆಶರ್ ಫಿಲ್ಲರ್. ಬಿರಡೆಯ ಉಪಾಯವನ್ನೇ ಪೂರ್ತಿ ಮಾಡಿದ ಹಾಗೆ. ಬಿರಡೆ, ಗ್ಯಾಸಿಗೆ ಒಂದು ಕೀಲಿ (ವಾಲ್ವ್), ಸೋಡಾಕ್ಕೆ ಒಂದು ಕೀಲಿ, ಒತ್ತಡ ಬಿಡಲು ಒಂದು ತಿರುಪು. ಮೊದಲೇ ಬಾಟಲಿಗೆ ಗ್ಯಾಸು ತುಂಬಿ ಕೆಗ್‌ನ ಒತ್ತಡಕ್ಕೆ ಸಮ ಮಾಡಿ, ಆಮೇಲೆ ಸೋಡಾ ಬಿಡುವುದು. ಆರಂಭದ ನೊರೆಯೂ ಇಲ್ಲ. ನಾನು ಕೆಗ್ ಅನ್ನು 15 ಪಿಎಸ್‌ಐಗೆ ಇಳಿಸಿಕೊಂಡು ತುಂಬಿದೆ. ಬಲೂನು 34, ಐದರಲ್ಲಿ ಎಲ್ಲಕ್ಕಿಂತ ದೊಡ್ಡದು.

ನಮ್ಮ ಗೋಲಿ ಸೋಡಾದವರು ಮಾಡುವುದೂ ಹೆಚ್ಚುಕಮ್ಮಿ ಇದೇ ಕೆಲಸ. ಹೈರಮ್ ಕಾಡ್ ಎಂಬ ಇಂಗ್ಲಿಷ್ ಎಂಜಿನಿಯರ್ 1872ರಲ್ಲಿ ಪೇಟೆಂಟ್ ಪಡೆದ ಬಾಟಲಿ ಅದು. ಒತ್ತಡದಲ್ಲೇ ತುಂಬಿ, ಬಾಟಲಿಯನ್ನು ತಲೆಕೆಳಗು ಹಿಡಿಯುತ್ತಾರೆ. ಗೋಲಿ ಬಾಯಿಗೆ ಬಂದು ಕೂರುತ್ತದೆ, ಒಳಗಿನ ಒತ್ತಡವೇ ಅದನ್ನು ಅಲ್ಲಿ ಒತ್ತಿ ಹಿಡಿಯುತ್ತದೆ. ಒತ್ತಡ ಇಳಿಸಿ ಮುಚ್ಚಳ ಹಾಕುವ ಆ ಒಂದು ಗಳಿಗೆಯೇ ಇಲ್ಲ. ಅದನ್ನು ಯೋಚಿಸಿದಾಗಲೆಲ್ಲ ಆ ಮನುಷ್ಯನ ಮೇಲೆ ಗೌರವ ಹುಟ್ಟುತ್ತದೆ.

ಆದರೆ ಕೌಂಟರ್ ಪ್ರೆಶರ್‌ನಲ್ಲಿ ಒಂದು ಬಾಟಲಿ ಒಡೆಯಿತು. ಹಳೇ ಬಾಟಲಿ, ತಳದಲ್ಲಿ ಕಂಡೂ ಕಾಣದ ಬಿರುಕಿತ್ತು. ಒದ್ದೆ ಗೋಣಿಚೀಲ ಸುತ್ತಿ ಹಿಡಿದಿದ್ದೆ, ಕಣ್ಣಿಗೆ ಕನ್ನಡಕ ಇತ್ತು, ಕೈಗೆ ದಪ್ಪ ಗ್ಲೌಸ್ ಇತ್ತು. ಏನೂ ಆಗಲಿಲ್ಲ. ಮಗು ಮಾತ್ರ ಹೆದರಿ ಅತ್ತಿತು. ಅವತ್ತಿನಿಂದ ತುಂಬುವ ಹೊತ್ತಿಗೆ ಮಕ್ಕಳನ್ನು ಹತ್ತಿರ ಬಿಡುವುದಿಲ್ಲ, ಪ್ರತಿ ಗಾಜಿನ ಬಾಟಲಿಯನ್ನೂ ಬೆಳಕಿಗೆ ಹಿಡಿದು ನೋಡುತ್ತೇನೆ. ಕಿಟಕಿ ಬಾಗಿಲೂ ತೆರೆದೇ ಇರಬೇಕು. ಈ ಗ್ಯಾಸು ಗಾಳಿಗಿಂತ ಭಾರ, ಮುಚ್ಚಿದ ಕೋಣೆಯಲ್ಲಿ ಕೆಳಗೇ ನಿಲ್ಲುತ್ತದೆ.

ಐದನೆಯದು ಪ್ಲಾಸ್ಟಿಕ್ ಬಾಟಲಿ. ತಂಪು ಪಾನೀಯ ಕುಡಿದು ಮುಗಿಸಿದ 250 ಮಿಲಿಯ ಬಾಟಲಿ. ಅದಕ್ಕೆ ಕೆಗ್‌ನ ಪೈಪು ನೇರ ಸಿಕ್ಕುವಂಥ ವಿಶೇಷ ಮುಚ್ಚಳ ಬರುತ್ತದೆ. ಬಾಟಲಿಯನ್ನು ಹಿಚುಕಿ ಗಾಳಿ ತೆಗೆದು, ಮುಚ್ಚಳ ಹಾಕಿ, ಪೈಪು ಸಿಕ್ಕಿಸಿದೆ. 25 ಪಿಎಸ್‌ಐ ಹಾಗೇ ಇಟ್ಟೆ, ಇಳಿಸುವ ಅಗತ್ಯವೇ ಬರಲಿಲ್ಲ. ಬಾಟಲಿ ಉಬ್ಬಿತು, ಮುಚ್ಚಳವನ್ನು ಚೂರು ಸಡಿಲಿಸಿದಂತೆ ತುಂಬುತ್ತಾ ಹೋಯಿತು. ಪೈಪು ಬಿಚ್ಚಿ, ಅರ್ಧ ಗಂಟೆ ಫ್ರಿಜ್‌ನಲ್ಲಿ ಸುಮ್ನೆ ಬಿಟ್ಟು, ಮಾಮೂಲಿ ಮುಚ್ಚಳ ಬದಲಿಸಿದೆ. ಗಾಜಿಗಿಂತ 50 ಮಿಲಿ ಕಡಿಮೆ ಇದ್ದರೂ ಬಲೂನು 33. ಇದನ್ನು ನಾನು ನಿರೀಕ್ಷಿಸಿರಲಿಲ್ಲ.

ನೀರಿನ ಬಾಟಲಿ ಮಾತ್ರ ಬಳಸಬೇಡಿ, ಅದು ಒತ್ತಡಕ್ಕೆ ಮಾಡಿದ್ದಲ್ಲ. ಪ್ಲಾಸ್ಟಿಕ್ಕಿಗೆ ಇನ್ನೊಂದು ಕೊರತೆ ಇದೆ. ಗ್ಯಾಸು ಅದರ ಗೋಡೆಯ ಮೂಲಕವೇ ನಿಧಾನ ಸೋರುತ್ತದೆ. ಬಾಟಲಿ ಚಿಕ್ಕದಾದಷ್ಟೂ ಬೇಗ. ತಿಂಗಳುಗಟ್ಟಲೆ ಇಡುವುದಾದರೆ ಗಾಜೇ ಸರಿ. ಆದರೆ ನಮ್ಮದರಲ್ಲಿ ಸಕ್ಕರೆ ಇದೆ, ಕೆಡದಂತೆ ಏನೂ ಬೆರೆಸಿಲ್ಲ. ಹೊರಗಿಟ್ಟರೆ ಹುಳಿಯೆದ್ದು ಒಳಗೆ ಹೊಸ ಗ್ಯಾಸು ಹುಟ್ಟುತ್ತದೆ. ಗಾಜಿನ ಬಾಟಲಿಯಲ್ಲಿ ಅದು ಅಪಾಯ. ಪ್ಲಾಸ್ಟಿಕ್ ಆದರೆ ಬಿಗಿ ಜಾಸ್ತಿ ಆಗಿದ್ದು ಕೈಗೆ ಗೊತ್ತಾಗುತ್ತದೆ.

ಈಗ ಮನೆಗೆ, ನೆಂಟರಿಗೆ ಬಿರಡೆಯಲ್ಲೇ ತುಂಬುತ್ತೇನೆ. ಕೌಂಟರ್ ಪ್ರೆಶರ್‌ನಿಂದ ಸಿಗುವ ಆ ಎರಡು ಸೆಂಟಿಮೀಟರಿಗಾಗಿ ಕೀಲಿ, ತಿರುಪು ತಿರುಗಿಸುವ, ಬಿಚ್ಚಿ ತೊಳೆಯುವ ಕೆಲಸ ನನಗೆ ಬೇಡ ಅನಿಸಿತು. ಒಂದೇ ದಿನ ನೂರು ಬಾಟಲಿ ತುಂಬುವವರಿಗೆ ಅದು ಬೇಕಾದೀತು. ಗನ್ ಅನ್ನು ಒರೆಸಿ ಪೆಟ್ಟಿಗೆಯಲ್ಲಿಟ್ಟು ಸ್ನೇಹಿತನಿಗೆ ವಾಪಸ್ ಕೊಟ್ಟೆ.

ದೊಡ್ಡಮ್ಮನಿಗೆ ಮಾತ್ರ ಪ್ಲಾಸ್ಟಿಕ್ ಬಾಟಲಿ. ಐಸ್ ತುಂಬಿದ ಡಬ್ಬದಲ್ಲಿ, ಸುಮಾರು 70 ಕಿಲೋಮೀಟರ್. ಒಯ್ದ ಕೂಡಲೇ ನೇರ ಅವರ ಫ್ರಿಜ್‌ಗೆ. ಈ ಸಲ ತೆರೆದಾಗ ಬುಸ್ ಎಂದ ಸದ್ದು ಒಳಕೋಣೆಗೂ ಕೇಳಿತು. ಬಿಲ್ಲೆ ಕೀಳುವ ಶಕ್ತಿ ಅವರ ಕೈಗೆ ಈಗ ಇಲ್ಲ, ತಿರುಪಿನ ಮುಚ್ಚಳವಾದರೆ ಬಟ್ಟೆ ಹಿಡಿದು ತಾವೇ ತೆಗೆಯುತ್ತಾರೆ. ದಿನಕ್ಕೊಂದು ಬಾಟಲಿ ಎಂದು ಲೆಕ್ಕ ಇಟ್ಟುಕೊಂಡಿದ್ದಾರಂತೆ. ತೆರೆಯುವ ಮುಂಚೆ ಪ್ರತಿಯೊಂದನ್ನೂ ಹಿಚುಕಿ ನೋಡಿ ನನಗೆ ಫೋನ್ ಮಾಡುತ್ತಾರೆ: "ಇವತ್ತಿಂದೂ ಗಟ್ಟಿ ಇದೆ ಕಣೋ."